ನಮ್ಮೂರಿನ ಒಬ್ಬನೇ ಮೆಗಾಲೊಮಾನ್

ಆ ಶಬ್ದ ನಮ್ಮೂರು ರಾಸ್ ಜೈತೂನಿಗೆ ಬಂದಾಗ ನಾನು ಮದುವೆಯಾಗಿ ಬಂದ ಹೊಸತು. ಫ್ರೆಂಚರು ನಮ್ಮ ತುನೀಸಿಯಾ ಬಿಟ್ಟು ಹೋಗಿ ಬಹಳ ಕಾಲವಾಗಿರಲಿಲ್ಲ. ಹೋಗುವಾಗ ಕುರ್ಚಿ, ಮಂಚ, ಪಿಯಾನೋ ಎಲ್ಲವನ್ನೂ ಹಡಗಿಗೇರಿಸಿದರು. ಮಾತುಗಳನ್ನು ಮಾತ್ರ ಅಲ್ಲಲ್ಲೇ ಚೆಲ್ಲಿ ಹೋದರು. ಆರಿಸಿಕೊಂಡವರು ತಮಗೆ ಬೇಕಾದ ಹಾಗೆ ಅವನ್ನು ಬಳಸಿಕೊಂಡರು.

ನನ್ನ ಗಂಡ ಮಹ್ರೆಜ್ ಬಂದರಿನ ಚೌಕದಲ್ಲಿ ಕಾಫಿ ಅಂಗಡಿ ಇಟ್ಟಿದ್ದರು. ಊರಿನಲ್ಲಿ ಯಾವ ಸುದ್ದಿ ಹುಟ್ಟಿದರೂ ಅದು ಮೊದಲು ಅವರ ಅಂಗಡಿಯಲ್ಲಿ ಕೂತು ಒಂದು ಬಟ್ಟಲು ಕಾಫಿ ಕುಡಿದು, ಆಮೇಲೆ ನಮ್ಮ ಮನೆಗೆ ಊಟಕ್ಕೆ ಬಂದು, ಅಲ್ಲಿಂದ ನಮ್ಮ ಮಾಳಿಗೆಯ ಗೋಡೆ ಹಾರಿ ಓಣಿಗೆಲ್ಲ ಹರಡುತ್ತಿತ್ತು. ಗೋಡೆ ಹಾರಿಸುವ ಕೆಲಸ ನನ್ನದು.

ಗೋಡೆಯ ಆಚೆ ಬದಿ ಸಿ ತಿಜಾನಿಯವರ ಮನೆ. ಹೆಸರಿಗೆ ಮೊದಲು ‘ಸಿ’ ಎಂದು ಗೌರವ ಸೇರಿಸದೆ ಅವರನ್ನು ಕರೆದವರನ್ನು ನಾನು ಕಂಡಿಲ್ಲ. ಅವರು ಪುರಸಭೆಯಲ್ಲಿ ಜವಾನರು. ಅಧ್ಯಕ್ಷರ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಬಂದವರನ್ನು ಒಳಗೆ ಬಿಡುವುದು ಅಥವಾ ಬಿಡದೆ ಇರುವುದು ಅವರ ಕೆಲಸ. ದೇವರು ಯಾವುದೋ ಮಂತ್ರಿಗೆಂದು ಮಾಡಿಟ್ಟ ಮೀಸೆ, ಹೊಟ್ಟೆ, ಗಂಟಲು ಮೂರನ್ನೂ ಗಡಿಬಿಡಿಯಲ್ಲಿ ಈ ಜವಾನರಿಗೆ ಕೊಟ್ಟುಬಿಟ್ಟಿದ್ದ. ಹಿತ್ತಾಳೆ ಗುಂಡಿಯ ನೀಲಿ ಕೋಟು, ಕೆಂಪು ಟೋಪಿ, ಕಿವಿಯ ಸಂದಿಯಲ್ಲಿ ಮಲ್ಲಿಗೆಯ ಚಿಕ್ಕ ಗೊಂಚಲು. ಅವರು ಬೀದಿಯಲ್ಲಿ ಬಂದರೆ ಹೊರಊರಿನವರು ಎದ್ದು ನಿಲ್ಲುತ್ತಿದ್ದರು. ಅಧ್ಯಕ್ಷರು ಬಂದರೆ ಅವರನ್ನು ದಾರಿ ಕೇಳುತ್ತಿದ್ದರು.

ಆ ಬೇಸಿಗೆಯಲ್ಲಿ ಅಧ್ಯಕ್ಷರಿಗೆ ಮಂಡಿನೋವು ಬಂತು. ಬಿಸಿನೀರಿನ ಬುಗ್ಗೆಯಲ್ಲಿ ಮೀಯಲು ದೂರದ ಊರಿಗೆ ಹೋದವರು ತಿಂಗಳಾದರೂ ಬರಲಿಲ್ಲ. ಕುರ್ಚಿ ಖಾಲಿಯಾಯಿತು. ಖಾಲಿ ಕುರ್ಚಿಗೆ ಧೂಳು ಹಿಡಿಯುತ್ತದೆ. ಧೂಳು ಒರೆಸುವುದು ಜವಾನನ ಕರ್ತವ್ಯ. ಎದುರು ನಿಂತು ಒರೆಸಿದರೆ ಹಿಂಬದಿ ಕೈಗೆ ಸಿಗದು, ಹಿಂದೆ ನಿಂತು ಒರೆಸಿದರೆ ಮುಂಬದಿ ಸಿಗದು. ಕೂತುಕೊಂಡು ಒರೆಸಿದರೆ ಎಲ್ಲ ಬದಿಯೂ ಸಿಗುತ್ತದೆ ಎಂಬುದನ್ನು ಸಿ ತಿಜಾನಿ ಕಂಡುಕೊಂಡರು.

ಹಾಗೆ ಒರೆಸುತ್ತ ಕೂತಿದ್ದಾಗಲೇ ವಿಧವೆ ಜಬೈದಾ ಒಳಗೆ ಬಂದಳು. ಪಕ್ಕದ ಮನೆಯವನು ತನ್ನ ಕತ್ತೆಯನ್ನು ಅವಳ ಬಾಗಿಲಿಗೇ ಕಟ್ಟುತ್ತಾನೆ ಎಂದು ಅತ್ತಳು. ಎದ್ದು ನಿಂತು ‘ನಾನು ಜವಾನ ಕಣಮ್ಮ’ ಎನ್ನಬಹುದಿತ್ತು. ಆದರೆ ಅಳುವ ಹೆಂಗಸಿನ ಮುಂದೆ ಹಾಗೆ ತಟ್ಟನೆ ಏಳುವುದು ಮರ್ಯಾದೆಯಲ್ಲ ಎಂದು ಅವರಿಗೆ ತೋರಿತು.

"ಹೋಗಮ್ಮ. ಆಗುತ್ತೆ," ಎಂದರು.

ಸಂಜೆ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ತಾವೇ ಹೋಗಿ ಕತ್ತೆ ಬಿಚ್ಚಿ, ಅದರ ಯಜಮಾನನನ್ನು ಮೀಸೆಯ ಮೇಲಿನಿಂದ ಒಮ್ಮೆ ನೋಡಿದರು. ಕತ್ತೆ ಮತ್ತೆ ಆ ಬಾಗಿಲಿಗೆ ಬರಲಿಲ್ಲ. ವರ್ಷಗಟ್ಟಲೆ ಅರ್ಜಿ ಹಾಕಿ ಬೇಸತ್ತಿದ್ದ ಊರಿಗೆ ಇದು ಗೊತ್ತಾಗಲು ಹೊತ್ತು ಬೇಕೆ? ಮರುದಿನದಿಂದ ಜನ ಸಾಲುಗಟ್ಟಿದರು. ಗುಮಾಸ್ತರು ಬೇಸಿಗೆಯ ನಿದ್ದೆಯಲ್ಲಿದ್ದರು. ಕುರ್ಚಿ ಮಾತ್ರ ಎಚ್ಚರವಾಗಿತ್ತು.

ಇಂಥ ಹೊತ್ತಿನಲ್ಲಿ ಡಾಕ್ಟರ್ ರಶಾದ್ ಬಂದರು. ಪ್ಯಾರಿಸ್ಸಿನಲ್ಲಿ ಓದಿ ನೇರ ನಮ್ಮೂರಿನ ಚಿಕ್ಕ ಆಸ್ಪತ್ರೆಗೆ ಬಂದಿಳಿದ ತೆಳ್ಳಗಿನ ಯುವಕ. ಆಸ್ಪತ್ರೆಯ ಕಿಟಕಿಯ ಕೆಳಗೇ ಖದ್ದೂಜಾ ಎಂಬ ಬೆಸ್ತರ ಹೆಂಗಸು ಹಗ್ಗ ಕಟ್ಟಿ ಆಕ್ಟೋಪಸ್ ಒಣಹಾಕುತ್ತಿದ್ದಳು. ಗಾಳಿ ತಿರುಗಿದರೆ ರೋಗಿಗಳು ವಾಸಿಯಾಗುವ ಮೊದಲೇ ಎದ್ದು ಓಡುತ್ತಿದ್ದರು. ಅದನ್ನು ಹೇಳಿಕೊಳ್ಳಲು ಡಾಕ್ಟರು ಪುರಸಭೆಗೆ ಹೋದರು.

"ಹೆಸರು?" ಎಂದರು ಸಿ ತಿಜಾನಿ, ಕುರ್ಚಿಯಿಂದ.

"ಡಾಕ್ಟರ್ ರಶಾದ್."

"ಓದಿದ್ದೆಲ್ಲಿ?"

"ಪ್ಯಾರಿಸ್."

"ಆ ಊರು ಚೊಕ್ಕಟವಾಗಿದೆಯಾ?"

"ಇದೆ."

"ಸಂತೋಷ," ಎಂದರು ಸಿ ತಿಜಾನಿ, ತಾವೇ ಗುಡಿಸಿಟ್ಟು ಬಂದವರ ಹಾಗೆ. ಆಕ್ಟೋಪಸ್ಸಿನ ದೂರನ್ನು ಪೂರ್ತಿ ಕೇಳಿಸಿಕೊಂಡು, "ನಿಮ್ಮ ವಿಷಯ ವಿಚಾರ ಮಾಡ್ತೀವಿ. ಸ್ವಲ್ಪ ಹೊರಗೆ ಕೂತಿರಿ."

ಡಾಕ್ಟರು ಹೊರಗೆ ಬೆಂಚಿನ ಮೇಲೆ ಕೂತರು. ಒಳಗೆ ಕುರ್ಚಿ ಕಿರ್ ಎಂದಿತು. ಬಾಗಿಲು ತೆರೆಯಿತು. ಅದೇ ಮೀಸೆ, ಅದೇ ಹೊಟ್ಟೆ ಹೊರಗೆ ಬಂತು. ಈ ಸಲ ನೀಲಿ ಕೋಟಿನ ಗುಂಡಿಗಳು ಕತ್ತಿನವರೆಗೆ ಹಾಕಿದ್ದವು, ದನಿ ಪಿಸುಮಾತಿಗಿಳಿದಿತ್ತು.

"ಅಧ್ಯಕ್ಷರಿಗೆ ಪುರುಸೊತ್ತಿಲ್ಲ ಸ್ವಾಮಿ. ನಾಳೆ ಬನ್ನಿ."

ಡಾಕ್ಟರು ನೇರ ಚೌಕಕ್ಕೆ ಬಂದು, ಟೋಪಿಯನ್ನು ನನ್ನ ಗಂಡನ ಮೇಜಿನ ಮೇಲೆ ಎಸೆದು, ಇಡೀ ಬಂದರಿಗೆ ಕೇಳುವಂತೆ ಕೂಗಿದರು: "ಆ ಮನುಷ್ಯ ಮೆಗಾಲೊಮಾನ್! ಅಪ್ಪಟ ಮೆಗಾಲೊಮಾನ್! ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ನೋಡಿರಲಿಲ್ಲ!"

ಅಂಗಡಿಯಲ್ಲಿ ಇಸ್ಪೀಟು ಆಡುತ್ತಿದ್ದವರು ಎಲೆಗಳನ್ನು ಕೆಳಗಿಟ್ಟರು. ಪುಸ್ತಕದಲ್ಲಿ ಇರುವಂಥದ್ದು, ಪ್ಯಾರಿಸ್ಸಿನಲ್ಲಿಯೂ ಕಣ್ಣಿಗೆ ಬೀಳದಂಥದ್ದು, ನಮ್ಮೂರಿನಲ್ಲಿ ಸಿಕ್ಕಿದೆ. ಏನದು?

ಫ್ರೆಂಚ್ ಚೆನ್ನಾಗಿ ಬಲ್ಲವರೆಂದರೆ ಔಷಧಿ ಅಂಗಡಿಯ ಮುಸ್ಯೊ ಬೊಕ್ಕಾರಾ; ‘ಮುಸ್ಯೊ’ ಎಂದರೆ ಫ್ರೆಂಚಿನ ‘ಶ್ರೀ’. ನನ್ನ ಗಂಡ ಮುಂದಾಗಿ, ಹಿಂದೆ ಒಂದು ಸಣ್ಣ ಮೆರವಣಿಗೆಯಾಗಿ ಅಲ್ಲಿಗೆ ಹೋದರು.

"ಮುಸ್ಯೊ ಬೊಕ್ಕಾರಾ, ಮೆಗಾಲೊಮಾನ್ ಅಂದ್ರೇನು?"

"ಯಾರಿಗೆ ಅಂದ್ರು?"

"ಸಿ ತಿಜಾನಿಗೆ."

ಮುಸ್ಯೊ ಬೊಕ್ಕಾರಾ ಕನ್ನಡಕ ತೆಗೆದು ಒರೆಸಿದರು. ಅಂಗಡಿಯ ಹಿಂದೆ ಒಂದು ಕೋಣೆ ಕಟ್ಟಿಸಲು ಅವರಿಗೆ ಪುರಸಭೆಯ ಒಪ್ಪಿಗೆ ಬೇಕಾಗಿತ್ತು. ಸುಳ್ಳು ಹೇಳುವ ಮನುಷ್ಯರೂ ಅಲ್ಲ.

"ಅದು ದೊಡ್ಡ ದೊಡ್ಡೋರಿಗೆ ಬರುವಂಥದ್ದು," ಎಂದರು. "ರೋಮಿನ ಚಕ್ರವರ್ತಿಗಳಲ್ಲಿ ಸುಮಾರು ಜನಕ್ಕೆ ಇತ್ತು. ಸೇನಾಪತಿಗಳಿಗೂ ಇತ್ತು."

"ಸರ್ಕಾರ ಕೊಡೋದಾ?"

"ಇಲ್ಲಪ್ಪ. ತಾನಾಗೇ ಬರುತ್ತೆ."

"ಎಷ್ಟು ಕಾಲ ಇರುತ್ತೆ?"

"ಸಾಮಾನ್ಯವಾಗಿ ಸಾಯೋವರೆಗೂ."

"ಮಧ್ಯದಲ್ಲಿ ಯಾರಾದ್ರೂ ಕಿತ್ಕೋಬಹುದಾ?"

ಮುಸ್ಯೊ ಬೊಕ್ಕಾರಾ ನಿಟ್ಟುಸಿರಿಟ್ಟರು. "ಬಹಳ ಕಷ್ಟ. ಇಲ್ಲೀವರೆಗೆ ಯಾರ ಕೈಲೂ ಆಗಿಲ್ಲ."

ಪ್ರತಿಯೊಂದು ಮಾತೂ ನಿಜ. ಮಧ್ಯಾಹ್ನದ ಊಟಕ್ಕೆ ಬಂದ ನನ್ನ ಗಂಡ ಕೈ ತೊಳೆಯುವ ಮೊದಲೇ ಇದನ್ನೆಲ್ಲ ಹೇಳಿದರು. ನಾನು ಮಾಳಿಗೆಗೆ ಓಡಿದೆ.

ಗೋಡೆಯ ಆಚೆ ಸಿ ತಿಜಾನಿಯ ಹೆಂಡತಿ ಮನ್ನೂಬಿಯಾ ಮೆಣಸಿನಕಾಯಿ ಒಣಹಾಕುತ್ತಿದ್ದಳು. ಸಣ್ಣ ಆಳು, ದೊಡ್ಡ ಬಾಯಿ.

"ನಿನ್ನ ಗಂಡ ಮೆಗಾಲೊಮಾನ್ ಅಂತೆ ಕಣೇ ಅಕ್ಕ!"

"ಯಾರು ಹೇಳಿದ್ದು?"

"ಪ್ಯಾರಿಸ್ ಡಾಕ್ಟ್ರು!"

ಅವಳು ಮೆಣಸಿನಕಾಯಿಯನ್ನು ಕೈಯಲ್ಲೇ ಹಿಡಿದು ಯೋಚಿಸಿದಳು. "ಅದಕ್ಕೇ ಬೆಳಿಗ್ಗೆ ಕಲ್ಲಂಗಡಿ ಹೊತ್ಕೊಂಡು ಬಾ ಅಂದ್ರೆ ಆಗಲ್ಲ ಅಂದ್ರು. ನಾನು ಸೊಂಟನೋವು ಅಂದ್ಕೊಂಡೆ."

ಸಾರ್ವಜನಿಕ ಸ್ನಾನದ ಮನೆಯಲ್ಲಿ ಆ ವಾರ ಹೆಂಗಸರ ದಿನ ಬೇರೆ ಮಾತೇ ಇಲ್ಲ. ಮನ್ನೂಬಿಯಾಗೆ ಬೆಚ್ಚಗಿನ ಕಲ್ಲಿನ ಮೇಲೆ ಒಳ್ಳೆಯ ಜಾಗ ಬಿಟ್ಟುಕೊಟ್ಟರು. ನೇಕಾರರ ಕೇರಿಯ ಒಬ್ಬಳು, "ನನ್ನ ತಮ್ಮನಿಗೂ ಸ್ವಲ್ಪ ಇದೆ, ಆದರೆ ಇನ್ನೂ ಹೊರಗೆ ಬಂದಿಲ್ಲ," ಎಂದಳು. ಮತ್ತೊಬ್ಬಳು ತನ್ನ ಮಾವನಿಗೆ ಅದು ಎರಡು ಸಲ ಬಂದು ಹೋಗಿತ್ತೆಂದು ಆಣೆಯಿಟ್ಟಳು. ಬಸುರಿಯೊಬ್ಬಳು ಹೊಟ್ಟೆ ಸವರಿಕೊಂಡು, "ದೇವರೇ, ನನ್ನ ಮಗನೂ ಮೆಗಾಲೊಮಾನ್ ಆಗಲಿ," ಎಂದು ಬೇಡಿಕೊಂಡಳು. ನಾವೆಲ್ಲ "ಆಮೀನ್" ಎಂದೆವು. ನಾನೂ ಅಂದೆ.

ಸಿ ತಿಜಾನಿಗೆ ಮೊದಮೊದಲು ನಾಚಿಕೆಯಾಯಿತು. ಅಂಗಡಿಯಲ್ಲಿ ಯಾರಾದರೂ ಆ ಮಾತೆತ್ತಿದರೆ "ಬಿಡ್ರಯ್ಯ, ಅದೆಲ್ಲ ಯಾಕೆ" ಎನ್ನುತ್ತಿದ್ದರು. ಆಮೇಲೆ, ಯಾರೂ ಎತ್ತದಿದ್ದರೆ ತಾವೇ "ಮೊನ್ನೆ ಡಾಕ್ಟ್ರು ಏನೋ ಅಂದ್ರಂತಲ್ಲ" ಎಂದು ನೆನಪಿಸತೊಡಗಿದರು. ನಡಿಗೆ ನಿಧಾನವಾಯಿತು. ಸಲಾಮಿಗೆ ಪೂರ್ತಿ ಕೈ ಎತ್ತುವುದನ್ನು ಬಿಟ್ಟು ಎರಡು ಬೆರಳಿಗೆ ಇಳಿಸಿದರು. ಆದರೆ ಇದನ್ನೂ ಹೇಳಬೇಕು: ಡಾಕ್ಟರನ್ನು ‘ನಾಳೆ ಬನ್ನಿ’ ಎಂದು ಕಳಿಸಿದ ದಿನವೇ ಸಂಜೆ ಅವರು ಕೋಟು ಬಿಚ್ಚಿಟ್ಟು, ಖದ್ದೂಜಾಳ ಬೈಗುಳ ತಿನ್ನುತ್ತ, ಹಗ್ಗ ಗೂಟ ಆಕ್ಟೋಪಸ್ ಎಲ್ಲ ಹೆಗಲಿಗೇರಿಸಿ ಹಳೆ ಕೋಟೆಗೋಡೆಯ ಬುಡಕ್ಕೆ ಸಾಗಿಸಿದ್ದರು. ಡಾಕ್ಟರು ಗಾಳಿ ತಿರುಗಿತೆಂದುಕೊಂಡರು.

ಪೇಚು ಬಂದದ್ದು ಮಗಳ ವಿಷಯದಲ್ಲಿ. ಬೇಯಾ ಒಬ್ಬಳೇ ಮಗಳು. ಖದ್ದೂಜಾಳ ಮಗ ಫರ್ಹಾತ್ ಅವಳನ್ನು ಕೇಳಬೇಕೆಂದಿದ್ದ, ಅವಳೂ ಕೇಳಿಸಿಕೊಳ್ಳಬೇಕೆಂದಿದ್ದಳು; ಇದು ಓಣಿಗೆಲ್ಲ ಗೊತ್ತಿತ್ತು. ಫರ್ಹಾತ್ ಒಳ್ಳೆಯ ಹುಡುಗ. ದೋಣಿ ಅಲುಗಿದರೆ ವಾಂತಿ ಮಾಡಿಕೊಳ್ಳುವ ಬೆಸ್ತ ಎನ್ನುವುದೊಂದು ಬಿಟ್ಟರೆ ಅವನಲ್ಲಿ ಹುಳುಕಿರಲಿಲ್ಲ. ಖದ್ದೂಜಾ ಬುಟ್ಟಿಯಲ್ಲಿ ಮೀನು ತುಂಬಿಕೊಂಡು ಸಂಬಂಧ ಕೇಳಲು ಬಂದಳು.

"ಖದ್ದೂಜಾ," ಎಂದರು ಸಿ ತಿಜಾನಿ, ಎರಡು ಬೆರಳೆತ್ತಿ. "ನಿನ್ನ ಮಗ ಒಳ್ಳೆಯವನು. ಆದರೆ ಮೆಗಾಲೊಮಾನ್ ಮನೆ ಹೆಣ್ಣು ಮೀನಿನ ಮನೆಗೆ ಬಂದರೆ ಜನ ಏನಂದಾರು?"

"ಜನ ಅನ್ನೋದು ಹಾಗಿರಲಿ," ಎಂದಳು ಖದ್ದೂಜಾ. "ಮೊನ್ನೆ ನನ್ನ ಆಕ್ಟೋಪಸ್ ಹೊತ್ಕೊಂಡು ಹೋದಾಗ ಈ ಮಾನ್ ಎಲ್ಲಿಗೆ ಹೋಗಿತ್ತು?"

ಬುಟ್ಟಿ ವಾಪಸು ಹೋಯಿತು. ಬೇಯಾ ನಮ್ಮ ಮಾಳಿಗೆಗೆ ಬಂದು ನನ್ನ ಮಡಿಲಲ್ಲಿ ಮುಖವಿಟ್ಟು ಅತ್ತಳು. "ಚಿಕ್ಕಮ್ಮ, ಆ ಶಬ್ದ ಗೋಡೆ ದಾಟಿಸಿದ್ದು ನೀನೇ ಅಲ್ವಾ? ಹಾಗೇ ವಾಪಸ್ ದಾಟಿಸು," ಎಂದಳು. ಅದು ನನ್ನ ಕೈಲಾಗುವ ಕೆಲಸವಾಗಿರಲಿಲ್ಲ.

ಅಷ್ಟರಲ್ಲಿ ಶಬ್ದ ಊರನ್ನೇ ದಾಟಿತ್ತು. ಸ್ಫಾಕ್ಸ್ ಪಟ್ಟಣದಲ್ಲಿ ಎಣ್ಣೆಗಾಣಗಳಿದ್ದ ಹಾಜಿ ತೌಫೀಕ್ ಎಂಬವರ ಕಿವಿಗೆ ಬಿತ್ತು. ಅಲ್ಲಿಗೆ ತಲುಪುವಷ್ಟರಲ್ಲಿ ಅದು ‘ಸರ್ಕಾರಿ ಮೆಗಾಲೊಮಾನ್’ ಆಗಿತ್ತು. ಹಾಜಿಯವರಿಗೆ ಮದುವೆಗಿರುವ ಮಗನಿದ್ದ, ಅಧಿಕಾರದಲ್ಲಿರುವ ಬೀಗರು ಇರಲಿಲ್ಲ. ಹೇಳಿ ಕಳಿಸಿದರು: ಶುಕ್ರವಾರ ಮಧ್ಯಾಹ್ನ ಬರುತ್ತೇವೆ.

ನಮ್ಮ ಓಣಿಯೊಳಗೆ ಮೋಟಾರು ಕಾರು ಬಂದದ್ದು ಅದೇ ಮೊದಲು. ಹಿಂದಕ್ಕೂ ಹೋಗಲಾಗದೆ ಮುಂದಕ್ಕೂ ಹೋಗಲಾಗದೆ ಅದು ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿತು. ಹಾಜಿಯವರು ಕಿಟಕಿಯಿಂದ ಇಳಿದು ಬಂದರು. ಅಂಗಳದಲ್ಲಿ ಗಂಡಸರು, ಪರದೆಯ ಹಿಂದೆ ನಾವು ಹೆಂಗಸರು. ಖರ್ಜೂರ ತುಂಬಿದ ರವೆಯ ಸಿಹಿ, ಬಾದಾಮಿ ಶರಬತ್ತು, ಪೈನ್ ಬೀಜ ತೇಲಿಸಿದ ಚಹಾ. ಸಿ ತಿಜಾನಿ ಎರವಲು ತಂದ ಬಿಳಿ ನಿಲುವಂಗಿಯಲ್ಲಿ ನಿಜಕ್ಕೂ ರೋಮಿನ ಚಕ್ರವರ್ತಿಯ ಹಾಗೇ ಕಂಡರು. ಸೆಕೆಯಿಂದ ಬೆವರುವ ಚಕ್ರವರ್ತಿ.

ಗೌರವದ ಅತಿಥಿಯಾಗಿ ಡಾಕ್ಟರ್ ರಶಾದರನ್ನೂ ಕರೆಸಿದ್ದರು. ಯಾಕೆ ಕರೆಸಿದ್ದಾರೆಂದು ಅವರಿಗೆ ತಿಳಿಯದು. ಸಿಹಿ ಚೆನ್ನಾಗಿದೆಯೆಂದು ತಿನ್ನುತ್ತಿದ್ದರು.

"ಡಾಕ್ಟ್ರೇ," ಎಂದರು ಸಿ ತಿಜಾನಿ, ಶರಬತ್ತಿನ ಲೋಟ ಕೆಳಗಿಟ್ಟು. "ನನ್ನ ಬಾಯಿಂದ ನಾನೇ ಹೇಳ್ಕೊಂಡರೆ ಚೆನ್ನಾಗಿರಲ್ಲ. ಅವತ್ತು ಚೌಕದಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿದ್ರಲ್ಲ, ಅದನ್ನ ಹಾಜಿಯವರಿಗೆ ಒಂದ್ಸಲ ಹೇಳಿ."

ಡಾಕ್ಟರು ಕೆಮ್ಮಿದರು. "ಅದು ಸಿಟ್ಟಲ್ಲಿ ಅಂದಿದ್ದು. ಮರೆತುಬಿಡಿ."

"ಮರೆಯೋದಾ! ಹೇಳಿ ಡಾಕ್ಟ್ರೇ."

"ಬೇಡ."

"ನೋಡಿ ಹಾಜಿಯವರೇ, ನನ್ನೆದುರು ಹೊಗಳೋಕೆ ಸಂಕೋಚ ಅವರಿಗೆ," ಎಂದು ಸಿ ತಿಜಾನಿ ನಕ್ಕರು.

ಡಾಕ್ಟರು ಸುತ್ತ ನೋಡಿದರು. ಎಲ್ಲರ ಮುಖದಲ್ಲಿ ಹಿಗ್ಗು. ಆಗ ಆ ಬಡಪಾಯಿಗೆ ಏನು ನಡೆದಿದೆಯೆಂದು ಹೊಳೆಯಿತು. ಸುಳ್ಳು ಹೇಳುವುದನ್ನು ಪ್ಯಾರಿಸ್ಸಿನಲ್ಲಿ ಕಲಿಸಿರಲಿಲ್ಲ.

"ಸಿ ತಿಜಾನಿ, ಅದು ಬಿರುದಲ್ಲ," ಎಂದರು ಮೆಲ್ಲಗೆ. "ಕಾಯಿಲೆ. ದೊಡ್ಡವನಲ್ಲದ ಮನುಷ್ಯ ತಾನು ದೊಡ್ಡವನು ಅಂತ ನಂಬೋ ಕಾಯಿಲೆ. ತಲೆಗೆ ಸಂಬಂಧಪಟ್ಟದ್ದು."

ಚಹಾದ ಮೇಲಿನ ಪೈನ್ ಬೀಜಗಳು ಕೂಡ ತೇಲುವುದನ್ನು ನಿಲ್ಲಿಸಿದಂತಾಯಿತು. ಮೂಲೆಯಲ್ಲಿ ಮುಸ್ಯೊ ಬೊಕ್ಕಾರಾ ಕನ್ನಡಕ ತೆಗೆದು ಒರೆಸತೊಡಗಿದರು. ಸಿ ತಿಜಾನಿ ತಮ್ಮ ಜವಾನನ ದನಿಯಲ್ಲಿ ಕೇಳಿದರು: "ಔಷಧಿ ಇದೆಯಾ ಡಾಕ್ಟ್ರೇ?"

ಯಾರಿಗೂ ನಗು ಬರಲಿಲ್ಲ. ಪರದೆಯ ಹಿಂದೆ ಮನ್ನೂಬಿಯಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು.

ಹಾಜಿ ತೌಫೀಕರಿಗೆ ಬೇರೆ ಚಿಂತೆ. "ಡಾಕ್ಟ್ರೇ, ಇದು ರಕ್ತದಲ್ಲಿ ಇಳಿಯುತ್ತಾ? ಮಕ್ಕಳಿಗೆ?"

"ಆ ವಿಷಯದಲ್ಲಿ ವಿದ್ವಾಂಸರಲ್ಲಿ ಇನ್ನೂ ಒಮ್ಮತ ಇಲ್ಲ," ಎಂದರು ಡಾಕ್ಟರು.

ನನ್ನ ಪಕ್ಕದಲ್ಲಿ ಕೂತಿದ್ದ ಬೇಯಾ ಎದ್ದಳು. ಅವಳು ಎದ್ದದ್ದು ನೋಡಿದೆನೇ ಹೊರತು ಹಿಡಿಯಲು ಆಗಲಿಲ್ಲ. ಪರದೆ ಸರಿಸಿ, ಗಲ್ಲ ಎತ್ತಿ, ಅಂಗಳದ ನಡುವೆ ಹೋಗಿ ನಿಂತಳು.

"ಯಾರಿವರು?" ಎಂದು ಹಾಜಿಯವರ ಕಡೆಗೆ ಎರಡು ಬೆರಳು ತೋರಿಸಿದಳು. "ರಾಣಿ ಎದುರು ಕೂತೇ ಇದಾರಲ್ಲ! ಎಣ್ಣೆ ಮಾರೋರನ್ನ ಹಿಂಬಾಗಿಲಿಂದ ಬರೋಕೆ ಹೇಳಿ. ನನ್ನ ದಾಸಿಯರೆಲ್ಲಿ? ನನ್ನ ಒಂಟೆಗಳಿಗೆ ನೀರು ಕುಡಿಸಿದ್ರಾ?"

ಹಾಜಿಯವರು ಚಪ್ಪಲಿ ಹುಡುಕಿದರು. ಒಂದು ತಮ್ಮದು, ಒಂದು ಡಾಕ್ಟರದು ಮೆಟ್ಟಿಕೊಂಡು ಹೊರಟರು. ಸಿಕ್ಕಿಕೊಂಡಿದ್ದ ಕಾರನ್ನು ಓಣಿಯವರೆಲ್ಲ ಸೇರಿ ಬಹಳ ಹುರುಪಿನಿಂದ ಹಿಂದಕ್ಕೆ ತಳ್ಳಿದರು. ಡಾಕ್ಟರು ಆತಂಕದಿಂದ ಬೇಯಾಳ ನಾಡಿ ಹಿಡಿಯಲು ಹೋದಾಗ ಅವಳು ಕಣ್ಣು ಮಿಟುಕಿಸಿದಳು. ಅವರು ಅಲ್ಲಿಯೇ ಕೂತುಬಿಟ್ಟರು.

ಈ ಸುದ್ದಿ ಚೌಕವನ್ನು ಮುಟ್ಟಿ ಹೆಚ್ಚು ಹೊತ್ತಾಗಿರಲಿಲ್ಲ, ಖದ್ದೂಜಾ ಅದೇ ಬುಟ್ಟಿ ಹಿಡಿದು ಬಂದಳು. ಮೀನು ಮಾತ್ರ ಹೊಸದು.

"ಕೇಳಿದೆ," ಎಂದಳು. "ನನ್ನ ಮಗನಿಗೆ ಸಮುದ್ರದ ಕಾಯಿಲೆ, ನಿನ್ನ ಮಗಳಿಗೆ ರಾಣಿ ಕಾಯಿಲೆ. ಬೇರೆ ಯಾರು ತಗೋತಾರೆ ಇವರನ್ನ? ಈ ಹಡಗು ಆ ಬಂದರಿಗೆ ಸರಿ. ಬೇಗ ಹೇಳು, ಮೀನು ಕೆಡುತ್ತೆ."

ಸಿ ತಿಜಾನಿ ನಿಲುವಂಗಿ ಬಿಚ್ಚಿ ಮಡಚುತ್ತಿದ್ದರು. ತಲೆ ಎತ್ತದೆ "ಆಗಲಿ" ಎಂದರು. ಮನ್ನೂಬಿಯಾ ಪರದೆಯ ಹಿಂದಿನಿಂದ ನಾಲಿಗೆ ಆಡಿಸಿ ಹಾಕಿದ ಹಿಗ್ಗಿನ ಕೂಗಿಗೆ ಕೋಟೆಗೋಡೆಯ ಪಾರಿವಾಳಗಳು ಹಾರಿದವು. ಮುಂದೆ ಫರ್ಹಾತ್ ದೋಣಿ ಬಿಟ್ಟು ನನ್ನ ಗಂಡನ ಅಂಗಡಿಯ ಪಕ್ಕದಲ್ಲೇ ಮೀನು ಹುರಿದು ಮಾರುವ ಅಂಗಡಿ ಇಟ್ಟ. ನೆಲ ಅಲುಗದಿದ್ದರೆ ಅವನಷ್ಟು ಗಟ್ಟಿ ಮನುಷ್ಯ ಇನ್ನೊಬ್ಬನಿಲ್ಲ.

ಮದುವೆ ನಿಶ್ಚಯವಾಯಿತು ಸರಿ, ಸಿ ತಿಜಾನಿ ಮಾತ್ರ ಬಾಡಿಹೋದರು. ಕಿವಿಯ ಮಲ್ಲಿಗೆ ಹೋಯಿತು. ಅಧ್ಯಕ್ಷರು ಮಂಡಿ ಗುಣವಾಗಿ ವಾಪಸು ಬಂದು ಕುರ್ಚಿಯಲ್ಲಿ ಕೂತರು. ಸಿ ತಿಜಾನಿ ಹೊರಗೆ ಬೆಂಚಿನ ತುದಿಯಲ್ಲಿ ಕೂತರು, ಇಡೀ ಬೆಂಚು ತಮ್ಮದಲ್ಲವೆಂಬಂತೆ. ಯಾರು ಬಂದರೂ "ಒಳಗೆ ಹೋಗಿ" ಎನ್ನುತ್ತಿದ್ದರು. ಜನ ಒಳಗೆ ಹೋಗುತ್ತಿದ್ದರು. ಅಧ್ಯಕ್ಷರು ಎಲ್ಲವನ್ನೂ ಗಮನವಿಟ್ಟು ಕೇಳುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಜಬೈದಾಳ ಬಾಗಿಲಿಗೆ ಮತ್ತೆ ಕತ್ತೆ ಬಂತು.

ಕಡೆಗೆ ನಾವು ಹೆಂಗಸರೇ ಆಸ್ಪತ್ರೆಗೆ ನುಗ್ಗಿದೆವು.

"ನಮ್ಮ ಊರಿಗೆ ಒಬ್ಬನೇ ಮೆಗಾಲೊಮಾನ್ ಇದ್ದ," ಎಂದಳು ಜಬೈದಾ. "ನೀವು ವಾಸಿ ಮಾಡಿಬಿಟ್ರಿ!"

"ನಾನೇನೂ ಔಷಧಿ ಕೊಟ್ಟಿಲ್ಲಮ್ಮ."

"ಬಾಯಿಮಾತಲ್ಲೇ ವಾಸಿ ಮಾಡಿದ್ರಲ್ಲ, ಅದು ಇನ್ನೂ ಕೆಟ್ಟದ್ದು. ನಿಮ್ಮ ಕಿಟಕಿ ಕೆಳಗಿನ ಆಕ್ಟೋಪಸ್ ಯಾರು ಹೊತ್ತು ಸಾಗಿಸಿದ್ದು ಅಂದ್ಕೊಂಡ್ರಿ?"

"ಗಾಳಿ..." ಎಂದು ಶುರುಮಾಡಿದ ಡಾಕ್ಟರು ಅಲ್ಲಿಗೇ ನಿಲ್ಲಿಸಿದರು.

ಮರುದಿನ ಬೆಳಿಗ್ಗೆ ಅವರು ಪುರಸಭೆಗೆ ಹೋದರು. ನಾವೂ ದೂರದಿಂದ ಹೋದೆವು. ಸಿ ತಿಜಾನಿ "ಒಳಗೆ ಹೋಗಿ" ಎಂದರು. ಡಾಕ್ಟರು ಒಳಗೆ ಹೋಗದೆ, ಟೋಪಿ ತೆಗೆದು ಕೈಯಲ್ಲಿ ಹಿಡಿದು ಅವರ ಮುಂದೆ ನಿಂತರು.

"ಅಧ್ಯಕ್ಷರ ಹತ್ರ ಅಲ್ಲ, ನಿಮ್ಮ ಹತ್ರ ಬಂದಿದ್ದು. ಆಸ್ಪತ್ರೆ ಮೆಟ್ಟಿಲ ಹತ್ರ ದೀಪ ಇಲ್ಲ. ಕತ್ತಲಲ್ಲಿ ಬಸುರಿಯರು ಎಡವ್ತಾರೆ. ಏನಾದ್ರೂ ಮಾಡಬೇಕು ಸಿ ತಿಜಾನಿ."

ಸಿ ತಿಜಾನಿ ಅವರನ್ನೇ ನೋಡಿದರು, ತಮಾಷೆಯೋ ಏನೋ ಎಂಬಂತೆ. ಡಾಕ್ಟರು ಟೋಪಿ ಹಿಡಿದುಕೊಂಡೇ ನಿಂತಿದ್ದರು. ಮೆಲ್ಲಗೆ ಆ ಹೊಟ್ಟೆ ಬೆಂಚಿನ ತುದಿಯಿಂದ ನಡುವಿಗೆ ಸರಿಯಿತು. ಒಂದು ಕೈ ಮೀಸೆಯನ್ನು ಹುಡುಕಿತು.

"ಕಂಬ ಮರದ್ದು ಬೇಕೋ," ಎಂದರು, "ಕಬ್ಬಿಣದ್ದೋ?"

ಮನ್ನೂಬಿಯಾ ಅಲ್ಲಿಯೇ ಅತ್ತಳು. ಹಳೆ ಬಂದರಿನಲ್ಲಿ ಬಿದ್ದಿದ್ದ ದೋಣಿಯ ಕಂಬವನ್ನು ಕೂಲಿಗಳ ಜೊತೆ ತಾವೂ ಹೆಗಲು ಕೊಟ್ಟು ಹೊರುತ್ತ ಸಿ ತಿಜಾನಿ ಆ ಸಂಜೆ ಬೀದಿಯಲ್ಲಿ ಬಂದಾಗ, ಅವರ ಎದುರು ಬಂದವರೆಲ್ಲ ದಾರಿ ಬಿಟ್ಟು ನಿಂತರು. ಆ ಹೊತ್ತಿಗೆ ಅಧ್ಯಕ್ಷರೂ ಮನೆಗೆ ಹೊರಟಿದ್ದರು. ಅವರೂ ನಿಂತರು.

ಆ ಜನರೆಲ್ಲ ಈಗಿಲ್ಲ. ಮುಸ್ಯೊ ಬೊಕ್ಕಾರಾ ಒಂದು ದಿನ ಅಂಗಡಿಗೆ ಬೀಗ ಹಾಕಿ ಮಕ್ಕಳಿರುವ ಊರಿಗೆ ಹೊರಟುಹೋದರು. ನನ್ನ ಗಂಡನ ಕಾಫಿ ಅಂಗಡಿಯಲ್ಲಿ ಈಗ ಮೊಬೈಲು ಫೋನು ಮಾರುತ್ತಾರೆ. ಸಿ ತಿಜಾನಿ ಹೋದ ದಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಳುವ ಹೆಂಗಸರು "ನಮ್ಮ ಮೆಗಾಲೊಮಾನ್ ಹೋದನಲ್ಲಾ" ಎಂದು ಎದೆ ಬಡಿದುಕೊಂಡರು, ತಲೆ ನರೆತ ಡಾಕ್ಟರು ಅದನ್ನು ತಿದ್ದಲಿಲ್ಲ. ನಮ್ಮಲ್ಲಿ ಆ ಶಬ್ದ ಹಾಗೇ ಉಳಿಯಿತು. ಅಧಿಕಾರವಿಲ್ಲದೆ ಇನ್ನೊಬ್ಬರ ಕೆಲಸಕ್ಕೆ ಹೆಗಲು ಕೊಡುವವನಿಗೆ ನಮ್ಮೂರಿನಲ್ಲಿ ಇರುವ ಹೆಸರು ಅದೊಂದೇ.

ಹೋದ ಚಳಿಗಾಲದಲ್ಲಿ ನಮ್ಮ ಓಣಿಯ ಮೋರಿ ಕಟ್ಟಿಕೊಂಡಿತು. ಕೋಲೂರಿಕೊಂಡು ಪುರಸಭೆಗೆ ಹೋದೆ. ಹೊಸ ಕಟ್ಟಡ, ಗಾಜಿನ ಬಾಗಿಲು, ಬೆಂಚು ಇಲ್ಲ. ರಾಜಧಾನಿಯಿಂದ ಹೊಸದಾಗಿ ಬಂದ ಹುಡುಗಿಯೊಬ್ಬಳು ಕೂತಿದ್ದಳು. ಬಹಳ ನಯವಾದ ಹುಡುಗಿ.

"ಮುಂದಿನ ವಾರ ಬನ್ನಿ ಅಜ್ಜಿ," ಎಂದಳು.

ಹಿಂದಿನ ವಾರವೂ ಹಾಗೇ ಅಂದಿದ್ದಳು. ನನಗೆ ತಾಳ್ಮೆ ತಪ್ಪಿತು. "ಅಯ್ಯೋ ದೇವರೇ," ಎಂದೆ, ಎಲ್ಲರಿಗೂ ಕೇಳುವ ಹಾಗೆ, "ಇಷ್ಟು ದೊಡ್ಡ ಕಚೇರೀಲಿ ಒಬ್ಬನೇ ಒಬ್ಬ ಮೆಗಾಲೊಮಾನ್ ಇಲ್ಲವಲ್ಲ!"

ಹುಡುಗಿಯ ಮುಖ ಅರಳಿತು. ಒಳಗಿದ್ದವರನ್ನೆಲ್ಲ ಕೂಗಿ ಕರೆದಳು. "ಕೇಳಿಸ್ತಾ? ಅಜ್ಜಿ ನಮ್ಮನ್ನ ಹೊಗಳ್ತಾ ಇದಾರೆ!" ಎಂದು, ನನ್ನ ಎರಡೂ ಕೈ ಹಿಡಿದು, "ನಾವೆಲ್ಲ ಇಲ್ಲಿ ಸರಳವಾಗಿ ಇರೋಕೆ ತುಂಬಾ ಪ್ರಯತ್ನ ಪಡ್ತೀವಿ ಅಜ್ಜಿ," ಎಂದಳು. ಕುರ್ಚಿ ತರಿಸಿ ಕೂರಿಸಿದಳು. ಪುದೀನ ಹಾಕಿದ ಚಹಾ ತರಿಸಿದಳು. ಎಲ್ಲರೂ ನನ್ನ ಸುತ್ತ ನಿಂತು ನಗುತ್ತಿದ್ದರು, ನಾನೂ ನಕ್ಕೆ.

ಚಹಾ ಚೆನ್ನಾಗಿತ್ತು. ಮೋರಿ ಇನ್ನೂ ಕಟ್ಟಿಕೊಂಡೇ ಇದೆ.